ದಾರಿ ಹೇಳುವ ಉಡುಗೊರೆ

ಉಡುಗೊರೆ ಕೊಡುವವರಿಗೆ ಯಾವಾಗಲೂ ಎರಡು ಚಿಂತೆಗಳಿರುತ್ತವೆ: ಒಂದು ತಮ್ಮ ಕಿಸೆಯದು, ಇನ್ನೊಂದು ಪಡೆಯುವವರ ಮನಸ್ಸಿನದು. ಸೀರೆಯ ಬಣ್ಣ ಹಿಡಿಸದಿದ್ದರೆ ಮಡಿಚಿ ಪೆಟ್ಟಿಗೆಯಲ್ಲಿಟ್ಟಾರು. ಬೆಳ್ಳಿಯ ಲೋಟ ಬೇಡವಾದರೆ ಬೀರುವಿನ ಮೂಲೆ ಸೇರೀತು. ಆದರೆ ಕಾರಿನಲ್ಲಿಟ್ಟುಕೊಂಡು ದಾರಿ ಕೇಳುವ ಯಂತ್ರವನ್ನು ಕೊಡಹೊರಟವರಿಗೆ ಮೂರನೆಯ ಚಿಂತೆಯೊಂದು ಕಾದಿರುತ್ತದೆ. "ಇಷ್ಟು ವರ್ಷ ಈ ಊರಿನಲ್ಲಿ ಬಾಳಿದವನಿಗೆ ದಾರಿ ತಿಳಿಯದೆಂದುಕೊಂಡಿರೇನು?" ಎಂದು ಅವರು ಕೇಳಿಬಿಟ್ಟರೆ ಉತ್ತರವೆಲ್ಲಿದೆ?

ನಮ್ಮ ಭಾವನವರು ಹಾಗೆ ಕೇಳಬಲ್ಲವರೇ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತಿನ ಮುಂದೆ ನಿಂತು ನಿವೃತ್ತರಾದವರು. ಅವರ ಮನೆ ದಾಸರಹಳ್ಳಿಯಲ್ಲಿ. ಮಗಳ ಮನೆ ವೈಟ್‌ಫೀಲ್ಡಿನಾಚೆಯ ಕಾಡುಗೋಡಿಯಲ್ಲಿ. ಮಗನ ಉದ್ಯೋಗವೂ ಬಿಡಾರವೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ವಾಯವ್ಯಕ್ಕೊಂದು, ಪೂರ್ವಕ್ಕೊಂದು, ಆಗ್ನೇಯಕ್ಕೊಂದು. ಒಂದೇ ಊರಿನ ಮೂರು ಅಂಚುಗಳಲ್ಲಿ ಒಂದೇ ಸಂಸಾರ ಹರಡಿಕೊಂಡಿದೆ. ಇಂದಿನ ಬೆಂಗಳೂರಿನಲ್ಲಿ ಇಂತಹ ಸಂಸಾರಗಳು ಸಾವಿರಾರು ಇದ್ದಾವು.

ಬಾಣಂತನ ಮುಗಿಸಿಕೊಂಡು ಮಗಳು ಕಾಡುಗೋಡಿಗೆ ಹಿಂತಿರುಗಿದ ಮೇಲೆ ಅಕ್ಕ ಮೊಮ್ಮಗನನ್ನು ಕಂಡದ್ದು ಒಂದೇ ಬಾರಿ. "ಮಗು ಬೋರಲು ಬಿದ್ದುದನ್ನೂ ಫೋನಿನಲ್ಲೇ ನೋಡಬೇಕಾಯಿತು" ಎಂದು ಅವಳು ಹೇಳಿಕೊಂಡಾಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಮನೆಯ ಮುಂದೆ ಕಾರು ನಿಂತಿದೆ. ಭಾವನವರು ಅದನ್ನು ಪೀಣ್ಯ, ಜಾಲಹಳ್ಳಿಗಳೊಳಗೆ ಚೆನ್ನಾಗಿಯೇ ನಡೆಸುತ್ತಾರೆ. ಗೊರಗುಂಟೆಪಾಳ್ಯ ದಾಟಿ ಹೊರವರ್ತುಲ ರಸ್ತೆಗೆ ಇಳಿಯಲು ಮಾತ್ರ ಒಪ್ಪುವುದಿಲ್ಲ. ಮೆಟ್ರೋ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಪೀಣ್ಯಕ್ಕೆ ಅದು 2014ರಲ್ಲಿಯೂ ಕಾಡುಗೋಡಿಗೆ 2023ರಲ್ಲಿಯೂ ಬಂದಿತು. ಗಟ್ಟಿ ಕಾಲಿನವರಿಗೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಮಂಡಿನೋವಿನ ಅಕ್ಕ, ಎರಡು ಕೈಚೀಲ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸುವ ಜನಸಂದಣಿ, ಇವೆಲ್ಲ ಕೂಡಿದಾಗ ಲೆಕ್ಕ ಬೇರೆಯಾಗುತ್ತದೆ.

ಅವರ ಮದುವೆಯಾಗಿ ನಲವತ್ತು ವರ್ಷ ತುಂಬುವ ದಿನಕ್ಕೆಂದು ಒಡಹುಟ್ಟಿದ ನಾವು ಮೂವರು ಕೂಡಿಸಿದ ಹಣ ಐದು ಸಾವಿರ ರೂಪಾಯಿ. ಅದರೊಳಗೆ ದಾರಿ ಹೇಳುವ ಒಂದು ಯಂತ್ರ ಬರಬೇಕು. ಬಂದದ್ದು ಆ ಮೂರು ಅಂಚುಗಳನ್ನು ಸರಿಯಾಗಿ ಹೊಲಿಯಬೇಕು. ಕೊಳ್ಳುವ ಮೊದಲು ಪರೀಕ್ಷಿಸೋಣವೆಂದು ನಾನೂ ನನ್ನ ಮನೆಯಾಕೆಯೂ ಗೆಳೆಯರೊಬ್ಬರ ಕಾರನ್ನು ಕೇಳಿ ಪಡೆದು ಎರಡು ದಿನ ಅಲೆದೆವು. ಆ ಅಲೆದಾಟದ ವೃತ್ತಾಂತವೇ ಈ ಲೇಖನ.

ಆಕಾಶದ ಲೆಕ್ಕ

ಅಲೆದಾಟಕ್ಕೆ ಮೊದಲು ಯಂತ್ರದ ಸ್ವಭಾವವನ್ನು ತಿಳಿದುಕೊಳ್ಳುವುದು ಲೇಸು. ಇದರಲ್ಲಿ ಎರಡು ಕೆಲಸಗಳಿವೆ. ನಾವು ಎಲ್ಲಿದ್ದೇವೆಂದು ತಿಳಿಯುವುದು ಒಂದು. ಅಲ್ಲಿಂದ ಹೋಗುವುದು ಹೇಗೆಂದು ಹೇಳುವುದು ಇನ್ನೊಂದು. ಮೊದಲನೆಯದು ಆಕಾಶದಿಂದ ಬರುತ್ತದೆ, ಎರಡನೆಯದು ನಕ್ಷೆಯಿಂದ.

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕೆಯ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯನ್ನು ಸುತ್ತುತ್ತಿವೆ. ಒಂದೊಂದರಲ್ಲಿಯೂ ಪರಮಾಣು ಗಡಿಯಾರವುಂಟು. "ನಾನು ಇಂತಹ ಕಡೆ ಇದ್ದೇನೆ, ಈಗಿನ ವೇಳೆ ಇಷ್ಟು" ಎಂದು ಅವು ಎಡೆಬಿಡದೆ ಸಾರುತ್ತಿರುತ್ತವೆ. ಆ ಸುದ್ದಿ ತಲುಪಲು ತಗುಲಿದ ಕಾಲವನ್ನು ನಮ್ಮ ಯಂತ್ರ ಎಣಿಸಿ ದೂರವನ್ನು ತಿಳಿಯುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ನೆಲದ ಮೇಲೆ 300 ಮೀಟರಿನ ತಪ್ಪಾಗುತ್ತದೆ. ಸ್ಥಳವನ್ನು ಗೊತ್ತುಮಾಡಲು ಮೂರು ಉಪಗ್ರಹ ಸಾಕೆನಿಸಿದರೂ ನಾಲ್ಕು ಬೇಕಾಗುತ್ತವೆ. ನಾಲ್ಕನೆಯದು ನಮ್ಮ ಯಂತ್ರದ ಅಗ್ಗದ ಗಡಿಯಾರವನ್ನು ತಿದ್ದುವುದಕ್ಕೆ. ಇದಕ್ಕೆ ಬಾಡಿಗೆಯಿಲ್ಲ, ಫೋನಿನ ಸಿಮ್ ಬೇಕಿಲ್ಲ. ಕೊಳ್ಳುವವರು ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು.

ಈ ಸೌಕರ್ಯ ಮೊದಲಿಗೆ ಸೈನ್ಯದ್ದು. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯೆತ್ ಆಕಾಶವನ್ನು ಹೊಕ್ಕು ಕ್ಷಿಪಣಿಗೆ ತುತ್ತಾಯಿತು. 269 ಮಂದಿ ಸತ್ತರು. ಬಳಿಕವೇ ಇದನ್ನು ಜನಸಾಮಾನ್ಯರ ಉಪಯೋಗಕ್ಕೆ ಬಿಡುವೆವೆಂದು ಅಮೆರಿಕೆ ಸಾರಿತು. ಆದರೂ ಬೇಕೆಂದೇ ಸಂಕೇತವನ್ನು ಮಸುಕುಗೊಳಿಸಿ ಕೊಡುತ್ತಿದ್ದರು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದ ಮೇಲೆಯೇ ಕಾರಿನ ಯಂತ್ರಗಳು ಬೀದಿಯನ್ನು ಬೀದಿಯೆಂದು ಗುರುತಿಸತೊಡಗಿದವು.

ಈ ವಿಷಯದಲ್ಲಿ ಪೀಣ್ಯಕ್ಕೆ ತನ್ನದೇ ಆದ ಹೆಮ್ಮೆಯುಂಟು. ಭಾರತದ ಮೊದಲ ಉಪಗ್ರಹವಾದ ಆರ್ಯಭಟ ಸಿದ್ಧವಾದದ್ದು ಇಲ್ಲಿಯ ಕೈಗಾರಿಕಾ ಷೆಡ್ಡುಗಳಲ್ಲಿ. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಯುವಕ ಇಂಜಿನಿಯರುಗಳು ಕೂಡಿ ಕಟ್ಟಿದ, ಸುಮಾರು 360 ಕಿಲೋ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯೆತ್ ನೆಲದಿಂದ ಹಾರಿಸಲಾಯಿತು. ಲೇತು, ಗ್ರೈಂಡಿಂಗ್, ವೆಲ್ಡಿಂಗ್‌ಗಳ ಪೀಣ್ಯದಲ್ಲಿ ಮೊಳೆತ ಆ ವಿದ್ಯೆ ಮುಂದೆ ದೊಡ್ಡದಾಗಿ, 2013ರಿಂದ 2016ರವರೆಗೆ ಏಳು ದಾರಿಸೂಚಕ ಉಪಗ್ರಹಗಳು ಆಕಾಶಕ್ಕೇರಿದವು. ಆ ವ್ಯವಸ್ಥೆಯ ಹೆಸರು 'ನಾವಿಕ್'. ಅದರ ಕೇಂದ್ರವಿರುವುದು ಬೆಂಗಳೂರಿಗೆ ಹತ್ತಿರದ ಬ್ಯಾಲಾಳು ಗ್ರಾಮದಲ್ಲಿ. ಮೊದಲ ಉಪಗ್ರಹಗಳ ಹೊರದೇಶದ ಗಡಿಯಾರಗಳಲ್ಲಿ ಕೆಲವು ಕೈಕೊಟ್ಟವು. 2023ರ ಮೇ 29ರಂದು ಹಾರಿದ ಎನ್‌.ವಿ.ಎಸ್‌.-01ರಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರವಿದೆ. ಈಚಿನ ಹಲವು ಫೋನುಗಳು ನಾವಿಕ್ ಸಂಕೇತವನ್ನೂ ಹಿಡಿಯುತ್ತವೆ.

ಜೆ. ಸಿ. ರಸ್ತೆಯ ಅಂಗಡಿಗಳು

ಮೋಟಾರಿನ ಸಾಮಾನಿಗೆ ಜೆ. ಸಿ. ರಸ್ತೆ, ಎಲೆಕ್ಟ್ರಾನಿಕ್ ಸಾಮಾನಿಗೆ ಎಸ್. ಪಿ. ರಸ್ತೆ ಎಂಬುದು ಬೆಂಗಳೂರಿನ ವಾಡಿಕೆ. ನಮಗೆ ಬೇಕಾದುದು ಎರಡು ಜಾತಿಗೂ ಸೇರಿದ್ದರಿಂದ ಎರಡು ಬೀದಿಗಳನ್ನೂ ಹತ್ತಿಳಿದೆವು. ವಿಚಾರಿಸಿ ತಿಳಿದುದು ಇಷ್ಟು: ದಾರಿ ಹೇಳುವ ಯಂತ್ರದಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಗಾಜಿಗೆ ಅಂಟಿಸುವ ಪ್ರತ್ಯೇಕ ಯಂತ್ರ. 2010ರ ಆಸುಪಾಸಿನಲ್ಲಿ ಗಾರ್ಮಿನ್, ಮ್ಯಾಪ್‌ಮೈಇಂಡಿಯಾ ಹೆಸರಿನ ಇಂತಹ ಯಂತ್ರಗಳು ಅನೇಕ ಕಾರುಗಳಲ್ಲಿ ಕಾಣುತ್ತಿದ್ದವು. ಭೂಪಟವೆಲ್ಲ ಅದರ ಹೊಟ್ಟೆಯಲ್ಲೇ ಇರುವುದರಿಂದ ಫೋನಿನ ಹಂಗಿಲ್ಲ. ಅಕ್ಷರ ದೊಡ್ಡದು, ಕೆಲಸ ಒಂದೇ. ಕೈಬದಲಾದದ್ದು ಇಂದು ಅಗ್ಗಕ್ಕೆ ಸಿಗುತ್ತದೆ. ಆದರೆ ಹೊಟ್ಟೆಯೊಳಗಿನ ಭೂಪಟವನ್ನು ಹೊಸದು ಮಾಡುವವರು ಸಿಗದಿದ್ದರೆ ಅದು ಹಳೆಯ ಪಂಚಾಂಗದಂತೆ. ಅಂಗಡಿಯವನು "ಚೆನ್ನಾಗಿ ಓಡುತ್ತದೆ ಸಾರ್" ಎಂದರೆ ನಂಬಿ, ಓಡುವುದು ನಿಜ. ಯಾವ ವರ್ಷದ ಬೆಂಗಳೂರಿನಲ್ಲಿ ಓಡುತ್ತದೆ ಎಂದು ಕೇಳುವುದನ್ನು ಮರೆಯಬೇಡಿ.

ಎರಡನೆಯದು ಕಾರಿನ ರೇಡಿಯೋ ಇರುವ ಜಾಗದಲ್ಲಿ ಕೂರಿಸುವ ದೊಡ್ಡ ಪರದೆ. ನೋಡಲು ಬಹಳ ಚೆಂದ. ಆದರೆ ಪರದೆ, ಅದರ ಚೌಕಟ್ಟು, ತಂತಿಯ ಕೆಲಸ, ಕೂರಿಸುವ ಕೂಲಿ ಎಲ್ಲ ಸೇರಿದಾಗ ನಮ್ಮ ಐದು ಸಾವಿರ ಸಾಲಲಿಲ್ಲ. ಅಗ್ಗದ ಪರದೆಗಾಗಿ ಕಾರಿನ ತಂತಿಗಳನ್ನು ಕತ್ತರಿಸಿಕೊಳ್ಳುವುದೂ ಬುದ್ಧಿವಂತಿಕೆಯಲ್ಲ.

ಮೂರನೆಯದು ಎಲ್ಲರ ಕೈಯಲ್ಲಿರುವ ಫೋನು. ಗೂಗಲ್ ನಕ್ಷೆಯಾಗಲಿ, ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್ ಆಗಲಿ, ಎಲ್ಲರೂ ಕೂಡಿ ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ನಕ್ಷೆಗಳಾಗಲಿ ಹಣವಿಲ್ಲದೆ ದೊರೆಯುತ್ತವೆ. ಊರಿನ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದಿದ್ದರೂ ದಾರಿ ತೋರುತ್ತವೆ. ಎಲ್ಲಿ ವಾಹನ ಕಟ್ಟಿಕೊಂಡಿದೆಯೆಂಬ ಸುದ್ದಿ ಬೇಕಾದರೆ ಮಾತ್ರ ಇಂಟರ್ನೆಟ್ ಬೇಕು. ಫೋನನ್ನು ಕೈಯಲ್ಲಿ ಹಿಡಿದು ಮಾತನಾಡುತ್ತ ಕಾರು ನಡೆಸುವುದು ಅಪರಾಧ. ಆದರೆ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇರೆಗೆ ಗಮನ ಕೆಡದ ಹಾಗೆ ದಾರಿ ನೋಡುವುದಕ್ಕಷ್ಟೇ ಫೋನನ್ನು ಬಳಸಬಹುದು. ಆದ್ದರಿಂದ ಗಟ್ಟಿಯಾದ ಒಂದು ಹಿಡಿಕೆ ಅಗತ್ಯ.

ಹಳೆಯ ಯಂತ್ರವೊಂದು ಗೆಳೆಯರ ಬಳಿ ಇತ್ತು. ಅದರೊಳಗಿನ ನಕ್ಷೆ 2012ರದು. ಅದನ್ನು ಎಡಕ್ಕೂ ನಮ್ಮ ಫೋನನ್ನು ಬಲಕ್ಕೂ ಕಟ್ಟಿಕೊಂಡು ಪ್ರಯಾಣ ಹೊರಟೆವು. ಇಬ್ಬರು ಪುರೋಹಿತರನ್ನು ಒಂದೇ ಮದುವೆಗೆ ಕರೆದಂತಾಯಿತೆಂದು ನನ್ನ ಮನೆಯಾಕೆ ನಕ್ಕಳು.

ಪೂರ್ವದ ದಾರಿ

ಬೆಳಗಿನ ಏಳು ಗಂಟೆಗೆ ದಾಸರಹಳ್ಳಿಯನ್ನು ಬಿಟ್ಟೆವು. ತುಮಕೂರು ರಸ್ತೆಯ ಮೇಲ್ಸೇತುವೆಯ ಮೇಲೆ ಕಾರು ಸಾಗುತ್ತಿದ್ದಾಗ ಎಡಬಲಗಳಲ್ಲಿ ಪೀಣ್ಯದ ತಗಡಿನ ಮಾಡುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಕೆಳಗೆ ಮೊದಲ ಪಾಳಿಗೆ ಹೋಗುವವರು ಚಹಾದ ಗಾಡಿಗಳ ಸುತ್ತ ನಿಂತಿದ್ದರು. ಇದೇ ಸೇತುವೆಯನ್ನು ಕೇಬಲ್ಲುಗಳ ದೋಷದಿಂದಾಗಿ 2021ರ ಡಿಸೆಂಬರಿನಲ್ಲಿ ಮುಚ್ಚಿದ್ದರು. ಕೆಲವು ವಾರಗಳ ಮೇಲೆ ಸಣ್ಣ ವಾಹನಗಳಿಗೆ ತೆರೆದರೂ ಲಾರಿಗಳು ಬಹುಕಾಲ ಕೆಳಗೇ ಉಳಿದವು. ಆ ದಿನಗಳಲ್ಲಿ ಹಳೆಯ ಯಂತ್ರವನ್ನು ನಂಬಿ ಬಂದವರನ್ನು ಅದು ನೇರವಾಗಿ ಮುಚ್ಚಿದ ಸೇತುವೆಯ ಬಾಯಿಗೆ ತಂದು ನಿಲ್ಲಿಸುತ್ತಿತ್ತು. ನೆಲದ ಮೇಲಿನ ರಸ್ತೆಗೂ ಆರೋಗ್ಯ, ಅನಾರೋಗ್ಯಗಳಿವೆ. ಆ ಸುದ್ದಿ ಆಕಾಶದಿಂದ ಬರುವುದಿಲ್ಲ.

ಗೊರಗುಂಟೆಪಾಳ್ಯದಲ್ಲಿ ಹೊರವರ್ತುಲ ರಸ್ತೆಗಿಳಿದು ಬಿ.ಇ.ಎಲ್. ವೃತ್ತ, ಹೆಬ್ಬಾಳ, ನಾಗವಾರ, ಹೆಣ್ಣೂರು ದಾಟಿದೆವು. ಹೆಬ್ಬಾಳಕ್ಕೆ ಬರುವಾಗ ಎರಡು ಯಂತ್ರಗಳೂ ಒಂದೇ ಮಾತನ್ನಾಡಿದವು. ಆದರೆ ಕೆ. ಆರ್. ಪುರದ ಕಡೆಯಿಂದ ಮೇಖ್ರಿ ವೃತ್ತಕ್ಕೆ ಹೋಗುವವರಿಗೆಂದು 2025ರ ಆಗಸ್ಟಿನಲ್ಲಿ ತೆರೆದ ಹೊಸ ಏರುದಾರಿ ಹಳೆಯ ಯಂತ್ರದ ಪಾಲಿಗೆ ಇನ್ನೂ ಹುಟ್ಟಿಲ್ಲ. ನಾವು ಹಿಂತಿರುಗಿ ಬರುತ್ತಾ ಬೇಕೆಂದೇ ಆ ದಾರಿಯನ್ನು ಹಿಡಿದಿದ್ದರೆ ಅದರ ಪರದೆಯ ಮೇಲೆ ಕಾರು ಗಾಳಿಯಲ್ಲಿ ತೇಲುತ್ತಿತ್ತು.

ಮುಂದೆ ಬಾಣಸವಾಡಿ. ಇಂದು ಈ ಹೆಸರನ್ನು ಕೇಳಿದರೆ ಸಿಗ್ನಲ್ಲುಗಳು ಮಾತ್ರ ನೆನಪಿಗೆ ಬರುತ್ತವೆ. ಆದರೆ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಮೈಸೂರು ಸೀಮೆಯ ಮೋಜಣಿಗಾಗಿ ಬಾಣಸವಾಡಿಯ ಕಡೆಯಿಂದ ದಕ್ಷಿಣಕ್ಕೆ ಏಳು ಮೈಲಿಗೂ ಹೆಚ್ಚು ಉದ್ದದ ತಳರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆಸಿದನು. ಎರಡು ವರ್ಷಗಳ ಮೇಲೆ ಮದರಾಸಿನಲ್ಲಿ ಆರಂಭವಾಗಿ ಇಡೀ ಭರತಖಂಡವನ್ನು ತ್ರಿಕೋನಗಳಲ್ಲಿ ಅಳೆದ ಮಹಾಮೋಜಣಿಗೆ ಇದು ಪೂರ್ವಸಿದ್ಧತೆಯಂತಿತ್ತು. ಒಂದು ಗೆರೆಯನ್ನು ಅಳೆಯಲು ಅವರಿಗೆ ವಾರಗಳೇ ಹಿಡಿದವು. ಕಾರಿನ ಕಿಟಕಿಯಿಂದ ನೋಡುವ ನಮಗೆ ಅಷ್ಟು ದೂರ ಯಂತ್ರದ ಪರದೆಯಲ್ಲಿ ಒಂದು ಬೆರಳಿನಗಲವೂ ಇಲ್ಲ.

ಕೆ. ಆರ್. ಪುರದ ತೂಗುಸೇತುವೆ ದಾಟಿ, ಮಹದೇವಪುರ, ಹೂಡಿಗಳ ಮೂಲಕ ಐ.ಟಿ.ಪಿ.ಎಲ್. ಎದುರಿಗೆ ಬಂದಾಗ ಗಂಟೆ ಎಂಟೂಮುಕ್ಕಾಲು. ಮೇಲೆ ಮೆಟ್ರೋ ಹಳಿ, ಎರಡೂ ಕಡೆ ಗಾಜಿನ ಗೋಡೆಯ ಎತ್ತರದ ಕಟ್ಟಡಗಳು. ಇಲ್ಲಿ ಯಂತ್ರಗಳೆರಡೂ ಸ್ವಲ್ಪ ತಡವರಿಸಿದವು. ಉಪಗ್ರಹದ ಸಂಕೇತ ಗಾಜಿಗೆ ಬಡಿದು ಹಿಂತಿರುಗಿ ಬರುವಾಗ ದಾರಿ ಉದ್ದವಾಗುತ್ತದೆ. ನಾವು ಇನ್ನೂ ಹಿಂದಿದ್ದೇವೆಂದೋ ಪಕ್ಕದ ಅಂಗಳದಲ್ಲಿದ್ದೇವೆಂದೋ ಯಂತ್ರ ಭ್ರಮಿಸುತ್ತದೆ. ಇಂತಹ ಕಡೆಗಳಲ್ಲಿ ಪರದೆಗಿಂತ ಬೀದಿಯ ಫಲಕವನ್ನೇ ನಂಬುವುದು ಮೇಲು.

ಹೋಪ್ ಫಾರಂ ಬಳಿ ತಿರುಗಿ ಹಳೆಯ ವೈಟ್‌ಫೀಲ್ಡನ್ನು ಹೊಕ್ಕೆವು. 1882ರಲ್ಲಿ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಯುರೇಷ್ಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಬೇಸಾಯದ ವಸಾಹತಿಗಾಗಿ 3,900 ಎಕರೆ ನೆಲವನ್ನಿತ್ತರು. ಸಂಘದ ಸ್ಥಾಪಕ ಡಿ. ಎಸ್. ವೈಟ್ ಅವರ ಹೆಸರೇ ಊರಿನ ಹೆಸರಾಯಿತು. ಬಿಳಿಯ ಬಯಲಿಗೂ ಅದಕ್ಕೂ ಸಂಬಂಧವಿಲ್ಲ. ಊರನ್ನು ಅವರು ವೃತ್ತಾಕಾರವಾಗಿ ಯೋಜಿಸಿದರು. ಇಂದಿಗೂ 'ಇನ್ನರ್ ಸರ್ಕಲ್' ಎಂಬ ದುಂಡನೆಯ ಬೀದಿ ಅಲ್ಲಿದೆ. ಮರಗಳ ನೆರಳಿನಲ್ಲಿ ಕಾರು ಒಂದು ಸುತ್ತು ಬಂದಿತು. ಪೇಟೆಯ ಗದ್ದಲ ಅರ್ಧ ಮೈಲಿಯಾಚೆ ಉಳಿದುಬಿಟ್ಟಿತ್ತು. ಗುರಿಯೇನೆಂದು ಹೇಳದೆ ಸುತ್ತುತ್ತಿದ್ದ ನಮಗೆ ಹಳೆಯ ಯಂತ್ರ ಮೂರು ಬಾರಿ ಹಿಂತಿರುಗೆಂದು ಆಜ್ಞಾಪಿಸಿತು.

ಕಾಡುಗೋಡಿಯಲ್ಲಿ ಅಕ್ಕನ ಮಗಳ ಮನೆಯ ಬಾಗಿಲಿಗೆ ಹೋದೆವು. ಒಳಗೆ ಹೋಗಲಿಲ್ಲ, ಹೋದರೆ ಗುಟ್ಟು ರಟ್ಟಾಗುತ್ತಿತ್ತು. ಆ ಬಾಗಿಲನ್ನು ಫೋನಿನಲ್ಲಿ ಗುರುತುಮಾಡಿಟ್ಟುಕೊಂಡೆವು. ಬಡಾವಣೆಯ ಹೆಸರನ್ನು ಬರೆದರೆ ಯಂತ್ರ ಹಿಂದಿನ ಗೋಡೆಗೆ ಒಯ್ಯುತ್ತದೆ, ಮುಂದಿನ ಗೇಟಿಗಲ್ಲ. ವಿಳಾಸ ಬೇರೆ, ಬಾಗಿಲು ಬೇರೆ. ಅಂಚೆ ಇಲಾಖೆಯು 2025ರಲ್ಲಿ ಹೊರತಂದ ಡಿಜಿಪಿನ್ ಎಂಬ ಹತ್ತು ಅಕ್ಷರಗಳ ಗುರುತು ಸುಮಾರು ನಾಲ್ಕು ಮೀಟರಿನ ಚೌಕವನ್ನೇ ಹೇಳುವುದರಿಂದ ಇಂತಹ ತೊಡಕಿಗೆ ಅದೂ ಒಂದು ಪರಿಹಾರ.

ಅಲ್ಲಿಂದ ಕುಂದಲಹಳ್ಳಿಗೆ ಬಂದೆವು. 2022ರಲ್ಲಿ ತೆರೆದ ಕೆಳಸೇತುವೆಯೊಳಗೆ ಇಳಿದಾಗ ಹಳೆಯ ಯಂತ್ರಕ್ಕೆ ಅದರ ಸುಳಿವೇ ಇರಲಿಲ್ಲ. ವಿನೋದವೆಂದರೆ, ವಿಮಾನಗಳಿಗೆ ದಾರಿ ತಿದ್ದಿಕೊಡುವ 'ಗಗನ್' ವ್ಯವಸ್ಥೆಯ ಮುಖ್ಯ ಕೇಂದ್ರವಿರುವುದೂ ಇದೇ ಕುಂದಲಹಳ್ಳಿಯಲ್ಲಿ. ಇಸ್ರೋ ಮತ್ತು ವಿಮಾನನಿಲ್ದಾಣಗಳ ಪ್ರಾಧಿಕಾರ ಕೂಡಿ ನಿರ್ಮಿಸಿದ ಈ ವ್ಯವಸ್ಥೆ ಜಿ.ಪಿ.ಎಸ್. ಸಂಕೇತದ ತಪ್ಪುಗಳನ್ನು ಎಣಿಸಿ, ತಿದ್ದುಪಡಿಯನ್ನು ಉಪಗ್ರಹಗಳ ಮೂಲಕ ಹಿಂದಕ್ಕೆ ಕಳುಹಿಸುತ್ತದೆ. ಆಕಾಶದಲ್ಲಿ ಹಾರುವವರಿಗೆ ಇಲ್ಲಿಂದ ದಾರಿ ಸಿಗುತ್ತದೆ; ಅದರ ಮುಂದೆಯೇ ನೆಲದ ಮೇಲೆ ನಿಂತ ನಮಗೆ ಇಪ್ಪತ್ತು ನಿಮಿಷ ದಾರಿ ಸಿಗಲಿಲ್ಲ.

ಕೆರೆಗಳ ನಡುವೆ

ಎರಡನೆಯ ದಿನ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೊರಟೆವು. ತಂಗಿಯ ಮನೆಯಿಂದ ಅಣ್ಣನ ಬಿಡಾರಕ್ಕೆ ಹೋಗುವ ದಾರಿ ಇದು. ಹಳೆಯ ಯಂತ್ರ ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್ ಎಂದಿತು. ಫೋನು ಅಲ್ಲಿಯ ಸಂದಣಿಯನ್ನು ಕಂಡು ವರ್ತೂರು, ಗುಂಜೂರು, ದೊಮ್ಮಸಂದ್ರ, ಚಂದಾಪುರ ಎಂದಿತು. ಫೋನಿನ ಮಾತನ್ನು ಕೇಳಿದೆವು.

ವರ್ತೂರು ಕೋಡಿ ಎಂಬ ಹೆಸರನ್ನು ಇಂಗ್ಲಿಷ್ ಉಚ್ಚಾರದಲ್ಲಿ ಯಂತ್ರ ನುಡಿದಾಗ ಅದು ಯಾವುದೋ ಪರದೇಶದ ಊರಿನಂತೆ ಕೇಳಿಸಿತು. ಭಾಷೆಯನ್ನು ಕನ್ನಡಕ್ಕೆ ಬದಲಿಸಿದ ಮೇಲೆ ಕಿವಿಗೆ ನೆಮ್ಮದಿಯಾಯಿತು. ಕೋಡಿಯೆಂದರೆ ಕೆರೆ ತುಂಬಿ ಹೆಚ್ಚಾದ ನೀರು ಹೊರಬೀಳುವ ಜಾಗ. ಯಂತ್ರಕ್ಕೆ ಅದೊಂದು ಕೂಡುರಸ್ತೆ ಮಾತ್ರ. ಆ ಹೆಸರಿಟ್ಟವರಿಗೆ ಅದೊಂದು ಎಚ್ಚರಿಕೆ. ಈ ಸೀಮೆಯ ಊರುಗಳನ್ನು ನೋಡಿ: ಪೀಣ್ಯದ ಬಳಿ ನಾಗಸಂದ್ರ, ವರ್ತೂರಿನಾಚೆ ದೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯ ಪಕ್ಕದಲ್ಲಿ ಬೊಮ್ಮಸಂದ್ರ, ಸಿಂಗಸಂದ್ರ. ಸಂದ್ರವೆಂದರೆ ಸಮುದ್ರ, ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದರು. ನದಿಯಿಲ್ಲದ ಈ ಎತ್ತರದ ನೆಲದಲ್ಲಿ ನೀರೆಲ್ಲಿದೆಯೆಂದು ಹೇಳುವುದೇ ಆಗಿನ ದಾರಿಸೂಚನೆ. ಜೋರು ಮಳೆ ಸುರಿದ ಸಂಜೆ ಇಂತಹ ತಗ್ಗಿನ ದಾರಿಯನ್ನು ಯಂತ್ರ ಹತ್ತಿರವೆಂದು ತೋರಿಸಿದರೂ ಊರಿನ ಹೆಸರನ್ನು ಒಮ್ಮೆ ಓದಿ ಮುಂದುವರಿಯುವುದು ಒಳ್ಳೆಯದು.

ಗುಂಜೂರಿನಾಚೆ ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ರಾಗಿಯ ಹೊಲಗಳು ಉಳಿದಿದ್ದವು. ಒಂದೆಡೆ ಫೋನು ಹೊಲದ ಅಂಚಿನ ಕಿರುದಾರಿಗೆ ತಿರುಗೆಂದಿತು. ಅಲ್ಲಿ ಕುರಿ ಕಾಯುತ್ತಿದ್ದ ಅಜ್ಜನನ್ನು ವಿಚಾರಿಸಿದೆ. "ಹೋಗಬಹುದು ಸ್ವಾಮಿ, ಆದರೆ ಎದುರಿಗೆ ಟ್ಯಾಂಕರ್ ಬಂದರೆ ಹಿಂದಕ್ಕೆ ಬರಬೇಕಾಗುತ್ತದೆ" ಎಂದನು. ನಾವು ದೊಡ್ಡ ರಸ್ತೆಯಲ್ಲೇ ಹೋದೆವು. ಐದು ನಿಮಿಷ ಉಳಿಸುವ ಆಸೆಯಿಂದ ಯಂತ್ರ ಇಂತಹ ಸಂದಿಗಳನ್ನು ಸೂಚಿಸುವುದುಂಟು. ವಯಸ್ಸಾದವರಿಗೆ ಉಡುಗೊರೆ ಕೊಡುವವರು ಇದನ್ನು ಮೊದಲೇ ಹೇಳಿಕೊಡಬೇಕು: ಅದು ಸಲಹೆ, ಅಪ್ಪಣೆಯಲ್ಲ.

ಮೇಲೋ, ಕೆಳಗೋ?

ಎಲೆಕ್ಟ್ರಾನಿಕ್ ಸಿಟಿಯೂ ಒಬ್ಬರ ಕನಸಿನಿಂದ ಹುಟ್ಟಿದ್ದು. ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ 1978ರಲ್ಲಿ ಇದನ್ನು ಆರಂಭಿಸಿದರು. ಇಂದು ಹೊಸೂರು ರಸ್ತೆಯುದ್ದಕ್ಕೂ ಕಟ್ಟಡಗಳೇ; 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಬೊಮ್ಮಸಂದ್ರದವರೆಗೆ ಬಂದಿದೆ.

ಬೊಮ್ಮನಹಳ್ಳಿಯ ಕಡೆಯಿಂದ ಇಲ್ಲಿಗೆ ಸುಮಾರು ಹತ್ತು ಕಿಲೋಮೀಟರಿನ ಮೇಲ್ಸೇತುವೆಯುಂಟು, 2010ರಲ್ಲಿ ತೆರೆದದ್ದು. ಅದರ ನೇರ ಕೆಳಗೇ ಇನ್ನೊಂದು ರಸ್ತೆ. ಯಂತ್ರಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆಯಿಲ್ಲ. ಉಪಗ್ರಹಗಳೆಲ್ಲ ತಲೆಯ ಮೇಲೆಯೇ ಇರುವುದರಿಂದ ಎಡಬಲಗಳು ತಿಳಿಯುವಷ್ಟು ಸ್ಪಷ್ಟವಾಗಿ ಎತ್ತರ ತಿಳಿಯುವುದಿಲ್ಲ. ನಾವು ಪರೀಕ್ಷೆಗೆಂದೇ ಕೆಳಗಿನಿಂದ ಹೋಗಿ ಮೇಲಿನಿಂದ ಬಂದೆವು. ಮೇಲಿರುವಾಗ ಹಳೆಯ ಯಂತ್ರ "ಎಡಕ್ಕೆ ತಿರುಗಿ" ಎಂದಿತು. ಎಡಕ್ಕೆ ಇದ್ದದ್ದು ತಡೆಗೋಡೆ; ಅದರಾಚೆ ಗಾಳಿ. ಹತ್ತುವ ಮೊದಲೇ ಇಳಿಯುವ ಜಾಗವನ್ನು ಗೊತ್ತುಮಾಡಿಕೊಂಡಿದ್ದರೆ ಗಾಬರಿಗೆ ಕಾರಣವಿಲ್ಲ.

ಇಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಕೋನಪ್ಪನ ಅಗ್ರಹಾರ, ಪರಪ್ಪನ ಅಗ್ರಹಾರ, ವೈಟ್‌ಫೀಲ್ಡಿನ ಬಳಿ ಪಟ್ಟಂದೂರು ಅಗ್ರಹಾರ, ಹೀಗೆ ಅಗ್ರಹಾರಗಳು ಅನೇಕ. ಅವಸರದಲ್ಲಿ ಅರ್ಧ ಹೆಸರನ್ನು ಬರೆದು ಮೊದಲು ಕಂಡದ್ದನ್ನು ಒತ್ತಿದರೆ ಮಗನ ಬಿಡಾರಕ್ಕೆ ಹೊರಟ ತಂದೆ ಪರಪ್ಪನ ಅಗ್ರಹಾರದ ಸೆರೆಮನೆಯ ಮುಂದೆ ಇಳಿದಾರು!

ಹಿಂತಿರುಗುವಾಗ ನೈಸ್ ರಸ್ತೆಯನ್ನು ಹಿಡಿದೆವು. ಹೊಸೂರು ರಸ್ತೆಯಿಂದ ಬನ್ನೇರುಘಟ್ಟ, ಕನಕಪುರ, ಮೈಸೂರು, ಮಾಗಡಿ ರಸ್ತೆಗಳನ್ನು ದಾಟಿ ಮಾದಾವರದಲ್ಲಿ ತುಮಕೂರು ರಸ್ತೆಯನ್ನು ಸೇರುವ ಇದರ ಉದ್ದ ಸುಮಾರು 41 ಕಿಲೋಮೀಟರ್. ಅಲ್ಲಲ್ಲಿ ಸುಂಕದ ಕಟ್ಟೆಗಳಿವೆ. ಯಂತ್ರದಲ್ಲಿ "ಸುಂಕದ ರಸ್ತೆ ಬೇಡ" ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿಟ್ಟರೆ ಈ ರಸ್ತೆಯೇ ಇಲ್ಲವೆಂಬಂತೆ ಊರಿನ ನಡುವೆ ಅಲೆಸುತ್ತದೆ. ಸಿಗ್ನಲ್ಲಿಗೆ ಅಂಜುವ ಭಾವನವರಂತಹವರಿಗೆ ಸುಂಕ ಕೊಟ್ಟರೂ ಇದೇ ಹಿತವೆಂದು ನಮಗೆ ತೋರಿತು.

ಕೊಟ್ಟ ದಿನ

ಎರಡು ದಿನಗಳ ಅಲೆದಾಟದಿಂದ ಒಂದು ಮಾತು ಖಚಿತವಾಯಿತು. ಆಕಾಶದ ಲೆಕ್ಕ ಎಲ್ಲ ಯಂತ್ರಗಳಿಗೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸವಿರುವುದು ನಕ್ಷೆಯ ವಯಸ್ಸಿನಲ್ಲಿ, ಮತ್ತು ಕೊಟ್ಟವರು ಅದನ್ನು ಸಿದ್ಧಪಡಿಸಿದ ಶ್ರದ್ಧೆಯಲ್ಲಿ. ಹೆಚ್ಚು ಹಣ ಸುರಿದು ಪೆಟ್ಟಿಗೆಯನ್ನು ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ, ಕಡಿಮೆ ಹಣದ ಯಂತ್ರಕ್ಕೆ ಒಂದು ದಿನದ ದುಡಿಮೆಯನ್ನು ಸೇರಿಸಿ ಕೊಡುವುದು ಲೇಸು.

ನಮ್ಮ ಮನೆಯ ಮೇಜಿನೊಳಗೆ ಬಿದ್ದಿದ್ದ, ಪರದೆ ದೊಡ್ಡದಾದ ಹಳೆಯ ಫೋನೊಂದನ್ನು ತೆಗೆದೆವು. ಎಸ್. ಪಿ. ರಸ್ತೆಯಲ್ಲಿ ಹೊಸ ಬ್ಯಾಟರಿ ಹಾಕಿಸಿದೆವು: 1,200 ರೂಪಾಯಿ. ಗಟ್ಟಿಯಾದ ಹಿಡಿಕೆ, 650; ಕಾರಿನ ಚಾರ್ಜರು ಮತ್ತು ತಂತಿ, 700. ಒಟ್ಟು 2,550. ಅದರಲ್ಲಿದ್ದ ಬೇರೆ ಎಲ್ಲವನ್ನೂ ಅಳಿಸಿ, ಬೆಂಗಳೂರಿನ ನಕ್ಷೆಯನ್ನು ಇಳಿಸಿ, ಕನ್ನಡದ ದನಿಯನ್ನು ಹಚ್ಚಿ, ಮೂರೇ ಮೂರು ಗುರುತುಗಳನ್ನಿಟ್ಟೆವು: 'ನಮ್ಮ ಮನೆ', 'ಪುಟ್ಟನ ಮನೆ', 'ಮಗನ ಮನೆ'. ರಸ್ತೆಯ ಸುದ್ದಿ ಬೇಕಾದಾಗ ಅವರ ಸ್ವಂತ ಫೋನಿನಿಂದ ಇಂಟರ್ನೆಟ್ ಪಡೆಯುವ ಏರ್ಪಾಡನ್ನೂ ಮಾಡಿದೆವು. ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಬರೆದಿಟ್ಟೆವು: ಹೊರಡುವ ಮೊದಲು ಗುರಿಯನ್ನು ಒತ್ತುವುದು, ನಡೆಸುವಾಗ ಮುಟ್ಟದಿರುವುದು, ಇಳಿಯುವಾಗ ಬಿಸಿಲಿನ ಕಾರಿನಲ್ಲಿ ಬಿಡದೆ ಜೊತೆಗೆ ಒಯ್ಯುವುದು, ತಿಂಗಳಿಗೊಮ್ಮೆ ನಕ್ಷೆಯನ್ನು ಹೊಸದು ಮಾಡುವುದು.

ಕೊಟ್ಟಾಗ ಭಾವನವರು ಅದನ್ನು ತಿರುಗಿಸಿ ನೋಡಿ, ನಾವು ಅಂಜಿದ್ದ ಪ್ರಶ್ನೆಯನ್ನೇ ಕೇಳಿದರು: "ನನಗೆ ದಾರಿ ಗೊತ್ತಿಲ್ಲವೇನಯ್ಯ?"

ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಮನೆಯಾಕೆ, "ನಿಮಗೆ ಗೊತ್ತಿದೆ ಅಣ್ಣ, ಇದಕ್ಕೆ ಪೀಣ್ಯ ಸರಿಯಾಗಿ ಗೊತ್ತಿಲ್ಲ. ನೀವೇ ಒಂದಿಷ್ಟು ಕಲಿಸಬೇಕು" ಎಂದಳು.

ಅದು ಸಮಾಧಾನದ ಮಾತಾಗಿದ್ದರೂ ಸುಳ್ಳಾಗಿರಲಿಲ್ಲ. ಮರುದಿನ ಅವರು ಯಂತ್ರವನ್ನು ಕಟ್ಟಿಕೊಂಡು ಪೀಣ್ಯದ ಅಡ್ಡರಸ್ತೆಗಳಲ್ಲಿ ತಿರುಗಿದರು. ತಾವು ದುಡಿದ ಕಾರ್ಖಾನೆಯ ಗೇಟನ್ನು ಅದು ಹಿಂಬದಿಯ ಬೀದಿಯಲ್ಲಿ ತೋರಿಸಿದುದನ್ನು ಕಂಡು ಅವರಿಗೆ ಬಹಳ ಸಂತೋಷವಾಯಿತು. ಇಂತಹ ತಪ್ಪನ್ನು ಯಾರು ಬೇಕಾದರೂ ತಿದ್ದಿ ಕಳುಹಿಸಬಹುದೆಂದು ಮಗನಿಂದ ತಿಳಿದು, ಗೇಟಿನ ಜೊತೆಗೆ ಲಾರಿ ತಿರುಗಲಾರದ ಒಂದು ಅಡ್ಡರಸ್ತೆ, ಹೆಸರು ತಪ್ಪಾಗಿದ್ದ ಒಂದು ಗಣಪತಿ ಗುಡಿ ಇವನ್ನೂ ತಿದ್ದಿ ಕಳುಹಿಸಿದರು. ದಾರಿ ಹೇಳುವ ಯಂತ್ರಕ್ಕೆ ದಾರಿ ಹೇಳಿದ ಮೇಲೆ ಅದರಿಂದ ಕೇಳಿಸಿಕೊಳ್ಳುವುದು ಅವರಿಗೆ ಅವಮಾನವಾಗಿ ತೋರಲಿಲ್ಲ.

ಮುಂದಿನ ಭಾನುವಾರ, ಸಂದಣಿಯಿಲ್ಲದ ಬೆಳಗಿನ ಹೊತ್ತಿನಲ್ಲಿ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಡುಗೋಡಿಗೆ ಹೊರಟರು. ಹೂಡಿಯ ಬಳಿ ಒಂದು ತಿರುವು ತಪ್ಪಿತಂತೆ. "ತಪ್ಪಿದರೂ ಬೈಯದೆ ಮತ್ತೆ ದಾರಿ ಹೇಳಿತು ಕಣಯ್ಯ. ಮೂವತ್ತು ವರ್ಷದಲ್ಲಿ ಇಂತಹ ಮೇಸ್ತ್ರಿ ನನಗೊಬ್ಬನೂ ಸಿಗಲಿಲ್ಲ" ಎಂದು ಸಂಜೆ ಫೋನಿನಲ್ಲಿ ಹೇಳಿದರು. ಹಿಂದಿನಿಂದ ಮಗುವಿನ ಕೇಕೆಯೂ ಅಕ್ಕನ ಜೋಗುಳದ ದನಿಯೂ ಕೇಳಿಸುತ್ತಿದ್ದವು. ಆ ರಾತ್ರಿ ಅಲ್ಲಿಯೇ ಉಳಿಯುವುದೆಂದು ನಿಶ್ಚಯಿಸಿದ್ದರು.

ಐದು ಸಾವಿರದಲ್ಲಿ ಉಳಿದ 2,450 ರೂಪಾಯಿಗೆ ಅವರ ಕಾರಿಗೆ ಪೆಟ್ರೋಲು ಹಾಕಿಸಿದ್ದೆವು. ಉಡುಗೊರೆಯ ಪಟ್ಟಿಯಲ್ಲಿ ಅದನ್ನೂ ಸೇರಿಸಿಕೊಳ್ಳುವಂತೆ ಓದುಗರಲ್ಲಿ ಅರಿಕೆ.